ಪುಷ್ಯ ಮಳೆಯಲ್ಲಿ ಬಿಸಿನೀರು: ನಮ್ಮನೆ ಹೀಟ್ ಪಂಪಿನ ಒಂದೂವರೆ ವರ್ಷ

ಅಂಕ ಮೊದಲೇ ಕೊಟ್ಟುಬಿಡುತ್ತೇನೆ. ಸುತ್ತಲಿನ ಗಾಳಿಯ ಶಾಖ ತೆಗೆದು ಸ್ನಾನದ ನೀರು ಕಾಯಿಸುವ ಈ ಯಂತ್ರಕ್ಕೆ ಐದಕ್ಕೆ ನಾಲ್ಕು. ಅದರ ಸರ್ವಿಸ್‌ಗೆ ಒಂದೂವರೆ. ನಮ್ಮೂರ ಕರೆಂಟಿಗೆ ಎಷ್ಟು ಕೊಡಬೇಕು ಅಂತ ಇನ್ನೂ ಯೋಚಿಸುತ್ತಿದ್ದೇನೆ. ಅಷ್ಟೇ ಸಾಕು ಅನ್ನುವವರು ಇಲ್ಲಿಗೇ ನಿಲ್ಲಿಸಬಹುದು. ಲಕ್ಷ ರೂಪಾಯಿ ಬಿಚ್ಚುವ ಮುಂಚೆ ಪೂರ್ತಿ ಕತೆ ಕೇಳಬೇಕು ಅನ್ನುವವರಿಗೆ ಮುಂದಿನದು.

ನಮ್ಮದು ಸಾಗರ ತಾಲ್ಲೂಕಿನ ಹಳ್ಳಿ. ಎರಡೂವರೆ ಎಕರೆ ಅಡಿಕೆ ತೋಟ, ಐದು ದನ, ಮನೆಯಲ್ಲಿ ಆರು ಜನ. ನಾನು ಈ ಮನೆಗೆ ಸೊಸೆಯಾಗಿ ಬಂದದ್ದು 1993ರಲ್ಲಿ. ಅವತ್ತಿನಿಂದ ಬಚ್ಚಲೊಲೆಗೆ ಬೆಂಕಿ ಹಾಕುವ ಕೆಲಸ ನನ್ನದು. ಬೆಳಿಗ್ಗೆ ಐದಕ್ಕೆ ಎದ್ದು ಬೂದಿ ತೆಗೆದು, ಒಣ ಸೋಗೆ ಹೊತ್ತಿಸಿ, ಅಡಿಕೆ ಸಿಪ್ಪೆ ತುಂಬಿ, ಅದು ಹಿಡಿದ ಮೇಲೆ ಒಂದು ದಪ್ಪ ಕುಂಟೆ ದೂಡಿದರೆ ಹಂಡೆ ನೀರು ಆರೂವರೆಗೆ ಕಾಯುತ್ತದೆ. ಬೇಸಿಗೆಯಲ್ಲಿ ಇದೇನೂ ಕಷ್ಟವಲ್ಲ. ಮಳೆಗಾಲದಲ್ಲಿ ಮಾತ್ರ ಬೇರೆಯೇ ಕತೆ. ಸೌದೆ ಮನೆಯೊಳಗೇ ಸೌದೆಗೆ ಬೂಸಲು ಬಂದಿರುತ್ತದೆ. ಊದಿ ಊದಿ ಕಣ್ಣು ಕೆಂಡವಾಗುತ್ತದೆ. ಹೊಗೆ ಹೆಂಚಿನ ಸಂದಿಯಿಂದ ಹೊರಗೆ ಹೋಗಲಾರದೆ ಮನೆಯೊಳಗೇ ಮಲಗುತ್ತದೆ. ಅತ್ತೆಗೆ ಕೆಮ್ಮು ಬಂದದ್ದು ಇದರಿಂದಲೇ ಅಂತ ನಾನು ಹೇಳುತ್ತೇನೆ. ಅತ್ತೆ ಒಪ್ಪುವುದಿಲ್ಲ. ಅವರ ಪ್ರಕಾರ ಹೊಗೆ ಕಾಣದ ನೀರು ನೀರೇ ಅಲ್ಲ.

2011ರಲ್ಲಿ ಸೋಲಾರ್ ಹೀಟರ್ ಹಾಕಿಸಿದ್ದೆವು. 200 ಲೀಟರಿನದು, ಗಾಜಿನ ಕೊಳವೆಗಳಿದ್ದದ್ದು. ಅದನ್ನು ನಾನು ಬೈಯುವುದಿಲ್ಲ. ಅಕ್ಟೋಬರಿನಿಂದ ಮೇ ತನಕ ಪುಕ್ಕಟೆ ನೀರು ಕೊಟ್ಟಿತು. ಜೂನ್ ಮೊದಲ ವಾರ ಬಂತೆಂದರೆ ಸುಮ್ನೆ ಮಾಡಿನ ಮೇಲೆ ಕೂತಿರುತ್ತಿತ್ತು. ಆರಿದ್ರಾ, ಪುನರ್ವಸು, ಪುಷ್ಯ, ಆಶ್ಲೇಷ ಅಂತ ಮಳೆಗಳು ಸಾಲಾಗಿ ಬರುವಾಗ ನಮ್ಮಲ್ಲಿ ಸೂರ್ಯನ ಮುಖ ನೋಡಲು ಹದಿನೈದು ದಿನ ಕಾಯಬೇಕು. ಬಿಸಿನೀರು ಎಲ್ಲಕ್ಕಿಂತ ಜಾಸ್ತಿ ಬೇಕಾಗುವುದೂ ಆಗಲೇ. ತೋಟದಿಂದ ಒದ್ದೆಯಾಗಿ ಬಂದವರು ನೇರ ಬಚ್ಚಲಿಗೇ ಹೋಗುತ್ತಾರೆ. ಹೀಗಾಗಿ ಸೋಲಾರ್ ಇದ್ದರೂ ವರ್ಷದ ನಾಲ್ಕು ತಿಂಗಳು ನಾನು ಊದುಗೊಳವೆ ಬಿಡಲಿಲ್ಲ. ಕೊನೆಗೆ 2024ರ ಫೆಬ್ರವರಿಯಲ್ಲಿ ಮಂಗಗಳು ಏಳು ಕೊಳವೆ ಒಡೆದವು. ಟ್ಯಾಂಕ್ ಮೊದಲೇ ಸೋರುತ್ತಿತ್ತು. ಗುಜರಿಯವನು ಎರಡು ಸಾವಿರದ ಇನ್ನೂರು ಕೊಟ್ಟು ಹೊತ್ತುಕೊಂಡು ಹೋದ.

ಹೀಟ್ ಪಂಪ್ ಅನ್ನುವ ಹೆಸರು ತಂದವನು ಅಕ್ಕನ ಮಗ. ಅವನು ಸ್ವೀಡನ್‌ನಲ್ಲಿದ್ದಾನೆ. ಅಲ್ಲಿ ಮನೆಮನೆಯಲ್ಲಿ ಇದು ಸಾಮಾನ್ಯ. ಹೊರಗೆ ಹಿಮ ಬೀಳುತ್ತಿದ್ದರೂ ಮನೆ ಪೂರ್ತಿ ಬೆಚ್ಚಗಿಡುವುದು ಇದೇ ಅಂತೆ. "ಚಿಕ್ಕಿ, ಅಷ್ಟು ಚಳಿಯ ಗಾಳಿಯಿಂದಲೇ ಶಾಖ ತೆಗೆಯುತ್ತೆ ಅಂದ್ಮೇಲೆ ನಿಮ್ಮ ಮಳೆಗಾಲದ ಇಪ್ಪತ್ತು ಡಿಗ್ರಿ ಗಾಳಿ ಅದಕ್ಕೆ ಹಬ್ಬ" ಅಂದ. ನಮಗೆ ಮನೆ ಬೆಚ್ಚಗಾಗುವುದು ಬೇಡ, ಸ್ನಾನದ ನೀರು ಕಾದರೆ ಸಾಕು. ಅದಕ್ಕೆಂದೇ ಮಾಡಿದ ಚಿಕ್ಕ ಯಂತ್ರ ಇಲ್ಲೂ ಸಿಗುತ್ತದೆ ಅಂತ ಆಗಲೇ ಗೊತ್ತಾದದ್ದು.

ಇದು ಕೆಲಸ ಮಾಡುವ ರೀತಿ ತಿಳಿಯಬೇಕಾದರೆ ಫ್ರಿಜ್ಜಿನ ಹಿಂದೆ ಕೈ ಇಟ್ಟು ನೋಡಿ. ಒಳಗಿನ ಶಾಖ ತೆಗೆದು ಹಿಂದಕ್ಕೆ ದೂಡುತ್ತಿರುತ್ತದೆ. ಹೀಟ್ ಪಂಪ್ ಸುತ್ತಲಿನ ಗಾಳಿಯ ಶಾಖ ತೆಗೆದು ನೀರಿನ ಟ್ಯಾಂಕಿಗೆ ದೂಡುತ್ತದೆ. ಕರೆಂಟ್ ಖರ್ಚಾಗುವುದು ಈ ದೂಡುವ ಕೆಲಸಕ್ಕೆ ಮಾತ್ರ. ಗೀಸರ್‌ನಲ್ಲಿ ಹಾಗಲ್ಲ, ಅಲ್ಲಿ ಕರೆಂಟೇ ಶಾಖವಾಗಬೇಕು. 200 ಲೀಟರ್ ನೀರನ್ನು 20 ಡಿಗ್ರಿಯಿಂದ 50 ಡಿಗ್ರಿಗೆ ತರಲು ಗೀಸರ್‌ಗೆ 7 ಯುನಿಟ್ ಬೇಕೇ ಬೇಕು. ಅದಕ್ಕಿಂತ ಕಡಿಮೆಯಲ್ಲಿ ಯಾವ ಕಂಪನಿಯ ಗೀಸರ್ ಕೂಡ ಮಾಡಲಾರದು. ಸ್ಟಾರ್ ಎಷ್ಟೇ ಇರಲಿ.

2024ರ ಮೇ ತಿಂಗಳಲ್ಲಿ ತಂದೆವು. ಟ್ಯಾಂಕ್ 200 ಲೀಟರ್, ಅದರ ತಲೆಯ ಮೇಲೇ ಕಂಪ್ರೆಸರ್, ನೋಡಲು ದೊಡ್ಡ ಗ್ಯಾಸ್ ಸಿಲಿಂಡರ್ ಹಾಗೆ. ಯಂತ್ರಕ್ಕೆ 1,18,000, ಸ್ಟೆಬಿಲೈಸರ್‌ಗೆ 7,500, ಪ್ಲಂಬರ್ ಮತ್ತು ಪೈಪಿಗೆ 9,000. ಕಂಪನಿಯ ಹೆಸರು ಬರೆಯುವುದಿಲ್ಲ. ಮುಂದೆ ಬೈಯುವುದಿದೆ.

ಎಲ್ಲಿಡುವುದು ಅನ್ನುವುದರ ಮೇಲೆ ಎರಡು ದಿನ ಚರ್ಚೆಯಾಯಿತು. ನಮ್ಮ ಯಜಮಾನರು ದನದ ಕೊಟ್ಟಿಗೆಯ ಮೂಲೆ ತೋರಿಸಿದರು. ಅಲ್ಲಿ ಗಾಳಿ ಬೆಚ್ಚಗಿರುತ್ತದೆ, ಬಚ್ಚಲಿಗೂ ಹತ್ತಿರ. ಯೋಚನೆ ಸರಿಯಾಗಿಯೇ ಇತ್ತು. ಆದರೆ ಬಂದ ಹುಡುಗ ಬೇಡವೇ ಬೇಡ ಅಂದ. ಗಂಜಲದಿಂದ ಏಳುವ ಅಮೋನಿಯ ತಾಮ್ರದ ಕೊಳವೆಗಳನ್ನು ತಿನ್ನುತ್ತದಂತೆ. ಈ ಒಂದು ಮಾತಿಗೆ ಅವನಿಗೆ ಇವತ್ತೂ ಋಣಿ. ಕೊನೆಗೆ ಸೌದೆ ಮನೆಯ ಅರ್ಧ ಖಾಲಿ ಮಾಡಿ ಅಲ್ಲಿಟ್ಟೆವು. ಮೂರು ಕಡೆ ತೆರೆದಿರುವ ಜಾಗ. ಮುಚ್ಚಿದ ಸಣ್ಣ ಕೋಣೆಯಲ್ಲಿಟ್ಟರೆ ಅದು ಬಿಡುವ ತಣ್ಣನೆ ಗಾಳಿಯನ್ನು ಅದೇ ಮತ್ತೆ ಎಳೆದುಕೊಂಡು ಒದ್ದಾಡುತ್ತದೆ.

ಯುನಿಟ್ ಲೆಕ್ಕಕ್ಕೆ ಒಂದು ಸಣ್ಣ ಮೀಟರ್ ಬೇರೆ ಹಾಕಿಸಿದೆ. ಹಾಲಿನ ಲೆಕ್ಕ ಬರೆಯುವ ಗೋಡೆಯಲ್ಲೇ ಇದ್ದಿಲಿನಿಂದ ದಿನಾ ಬರೆದಿಟ್ಟಿದ್ದೇನೆ. ಮೊದಲ ತಿಂಗಳು ದಿನಕ್ಕೆ 3.3 ಯುನಿಟ್ ಬಂತು. ಅಂಗಡಿಯವನು ಹೇಳಿದ್ದು ಎರಡು. ಆಮೇಲೆ ನೋಡಿದರೆ ಕಂಪನಿಯಿಂದ ಬರುವಾಗಲೇ 60 ಡಿಗ್ರಿಗೆ ಇಟ್ಟಿದ್ದರು. ಅಷ್ಟು ಕಾದ ನೀರಿಗೆ ತಣ್ಣೀರು ಬೆರೆಸಿಯೇ ಮೈಗೆ ಹಾಕಿಕೊಳ್ಳಬೇಕು. ಸುಮ್ನೆ ದಂಡ. ನೀರು ಬಿಸಿಯಾದಷ್ಟೂ ಇದಕ್ಕೆ ಶಾಖ ದೂಡುವುದು ಕಷ್ಟವಾಗುತ್ತದೆ, ಟ್ಯಾಂಕಿನಿಂದ ಸೋರುವ ಶಾಖವೂ ಜಾಸ್ತಿ. 48ಕ್ಕೆ ಇಳಿಸಿದೆ. ಬೆಳಗಿನ ಜಾವದ ಬದಲು ಮಧ್ಯಾಹ್ನ ಹನ್ನೆರಡರಿಂದ ಮೂರರ ತನಕ ಓಡುವಂತೆ ಟೈಮರ್ ಇಟ್ಟೆ. ದಿನದಲ್ಲಿ ಗಾಳಿ ಬೆಚ್ಚಗಿರುವುದು ಆಗಲೇ. ಜುಲೈಯಲ್ಲಿ 2.4ಕ್ಕೆ ಇಳಿಯಿತು. ಜನವರಿಯ ಬಿಸಿಲಿನ ಮಧ್ಯಾಹ್ನಗಳಲ್ಲಿ ಎರಡರ ಹತ್ತಿರ. ನೀರು ತಿಂಗಳುಗಟ್ಟಲೆ ಉಗುರುಬೆಚ್ಚಗೇ ನಿಂತರೆ ಒಳಗೆ ಬ್ಯಾಕ್ಟೀರಿಯ ಬೆಳೆಯಬಹುದು. ಅದಕ್ಕಾಗಿ ವಾರಕ್ಕೊಮ್ಮೆ, ಭಾನುವಾರ, 60ಕ್ಕೆ ಏರಿಸುತ್ತೇನೆ.

ನನಗೆ ತುಂಬ ಖುಷಿ ಕೊಟ್ಟದ್ದು ಬೇರೆ. ಮಳೆಗಾಲದ ಗಾಳಿಯ ಪಸೆ ಇದಕ್ಕೆ ಲಾಭ. ತಣ್ಣನೆ ಕೊಳವೆಯ ಮೇಲೆ ಆ ಪಸೆ ನೀರಾಗಿ ಇಳಿಯುವಾಗ ತನ್ನ ಶಾಖವನ್ನು ಬಿಟ್ಟುಕೊಡುತ್ತದೆ. ಸಂಜೆ ಹೊತ್ತಿಗೆ ಕೆಳಗಿಟ್ಟ ಬಕೆಟ್ಟಿನಲ್ಲಿ ಎರಡು ಲೀಟರ್ ನೀರು ಇರುತ್ತದೆ. ಇನ್ವರ್ಟರ್ ಬ್ಯಾಟರಿಗೆ ಹಾಕಬಹುದಾ ಅಂತ ಮಗ ಕೇಳಿದ. ಬೇಡ ಅಂದೆ, ಸೌದೆ ಮನೆಯ ಧೂಳೆಲ್ಲ ಅದರಲ್ಲಿರುತ್ತದೆ. ದಾಸವಾಳದ ಗಿಡಕ್ಕೆ ಹೋಗುತ್ತದೆ.

ಈಗ ಬಿಲ್ಲಿನ ಕತೆ. ಇದನ್ನು ಯಾವ ಅಂಗಡಿಯವನೂ ನಿಮಗೆ ಹೇಳುವುದಿಲ್ಲ. 2023ರಿಂದ ಗೃಹಜ್ಯೋತಿ ಇದೆಯಲ್ಲ. 2022-23ರ ತಿಂಗಳ ಸರಾಸರಿಯ ಮೇಲೆ ಶೇಕಡ ಹತ್ತು ಸೇರಿಸಿ, ಅಷ್ಟರ ತನಕ ಪುಕ್ಕಟೆ. ನಮ್ಮ ಸರಾಸರಿ 118, ಹಾಗಾಗಿ 130 ಯುನಿಟ್ ತನಕ ಬಿಲ್ ಸೊನ್ನೆ. ಅದನ್ನು ದಾಟಿದರೆ ದಾಟಿದಷ್ಟಕ್ಕೆ ಕಟ್ಟಬೇಕು. 200 ದಾಟಿದರೆ ಮಾತ್ರ ಪೂರ್ತಿ ಬಿಲ್ ತಲೆ ಮೇಲೆ ಬೀಳುತ್ತದೆ. ಹೀಟ್ ಪಂಪ್ ಬಂದ ಮೊದಲ ತಿಂಗಳು ನಮ್ಮ ಮೀಟರ್ 217 ತೋರಿಸಿತು. ತಿಂಗಳುಗಟ್ಟಲೆ ಸೊನ್ನೆ ನೋಡಿದ ಮನೆಗೆ ಒಮ್ಮೆಲೇ ಸಾವಿರದ ಆರುನೂರು ಚಿಲ್ಲರೆ ಬಂತು. ಯಜಮಾನರು ಬಿಲ್ಲನ್ನು ಮಾತಾಡದೆ ನನ್ನ ಮುಂದೆ ಇಟ್ಟು ತೋಟಕ್ಕೆ ಹೋದರು. ಬೈದಿದ್ದರೆ ಪರವಾಗಿರಲಿಲ್ಲ. 48 ಡಿಗ್ರಿಗೆ ಇಳಿಸಿದ ಮೇಲೆ ತಿಂಗಳಿಗೆ 190ರ ಆಸುಪಾಸು ಬರುತ್ತಿದೆ. ಹೆಚ್ಚುವರಿ ಯುನಿಟ್ಟಿಗೆ ನಾಲ್ಕುನೂರರ ಹತ್ತಿರ ಕಟ್ಟುತ್ತೇವೆ. ನಿಮ್ಮದೂ ಗೃಹಜ್ಯೋತಿ ಮನೆಯಾದರೆ ಮೊದಲು ಹಳೆಯ ಬಿಲ್ಲುಗಳನ್ನು ಹುಡುಕಿ ತೆಗೆಯಿರಿ. 200ರ ಗೆರೆಗೆ ನೀವೆಷ್ಟು ಹತ್ತಿರ ಇದ್ದೀರಿ ನೋಡಿ. ಗೀಸರ್ ಇಟ್ಟುಕೊಂಡು 250 ಸುಡುತ್ತಿರುವವರಿಗೆ ಹೀಟ್ ಪಂಪ್ ಗೆರೆಯ ಕೆಳಗೆ ಇಳಿಯುವ ಮೆಟ್ಟಿಲಾಗಬಹುದು. ನಮ್ಮ ಹಾಗೆ ಸೌದೆಯಿಂದ ಬಂದವರಿಗೆ ಅದೇ ಯಂತ್ರ ಗೆರೆಯ ಮೇಲಕ್ಕೆ ಹತ್ತಿಸುತ್ತದೆ.

ಕರೆಂಟಿನ ವಿಷಯ ಹೇಳಬಾರದು ಅಂದುಕೊಂಡಿದ್ದೆ, ಆಗುತ್ತಿಲ್ಲ. ಲಿಂಗನಮಕ್ಕಿ ಅಣೆಕಟ್ಟು ಇರುವುದು ನಮ್ಮ ತಾಲ್ಲೂಕಿನಲ್ಲಿ. ಶರಾವತಿ ವಿದ್ಯುದಾಗಾರ 1,035 ಮೆಗಾವ್ಯಾಟಿನದು. ಅದಕ್ಕಾಗಿ ಮನೆ, ಗದ್ದೆ ಮುಳುಗಿಸಿಕೊಂಡ ನೆಂಟರು ನಮ್ಮಲ್ಲೇ ಎಷ್ಟೋ ಜನ. ನಮ್ಮ ಮನೆಗೆ ಸಂಜೆ ಹೊತ್ತು ಬರುವ ವೋಲ್ಟೇಜ್ 165! ಈ ವೋಲ್ಟೇಜಿಗೆ ಕಂಪ್ರೆಸರ್ ಎದ್ದೇಳುವುದಿಲ್ಲ. ಗುಂಯ್ ಅಂದು ಮತ್ತೆ ಮಲಗುತ್ತದೆ. ಹಾಗೇ ಬಿಟ್ಟರೆ ಸುಟ್ಟೇ ಹೋಗಬಹುದು. ಸ್ಟೆಬಿಲೈಸರ್ ಇಲ್ಲದೆ ಮಲೆನಾಡಿನಲ್ಲಿ ಇದನ್ನು ಹಾಕಿಸುವುದು ಹುಚ್ಚು.

2024ರ ಜುಲೈ ಮಳೆ ನೆನಪಿರಬೇಕು. ಲೈನಿನ ಮೇಲೆ ಮರ ಬಿದ್ದು ನಮ್ಮೂರಿಗೆ ನಾಲ್ಕು ದಿನ ಕರೆಂಟ್ ಇಲ್ಲ. ಮೊದಲ ದಿನ ಟ್ಯಾಂಕಿನ ನೀರು ಚೆನ್ನಾಗಿಯೇ ಇತ್ತು. ಎರಡನೆಯ ದಿನ ಉಗುರುಬೆಚ್ಚಗೆ. ಮೂರನೆಯ ದಿನ ನಾನು ಮತ್ತೆ ಬಚ್ಚಲೊಲೆಯ ಮುಂದೆ. ಸೂರ್ಯ ಇಲ್ಲದ ತಿಂಗಳಿಗೆ ಅಂತಲೇ ತಂದ ಯಂತ್ರ, ಅದೇ ತಿಂಗಳು ಕರೆಂಟೂ ಇಲ್ಲ. ಇನ್ವರ್ಟರ್ ಮೇಲೆ ಇದನ್ನು ಓಡಿಸುವ ಆಸೆ ಇಟ್ಟುಕೊಳ್ಳಬೇಡಿ, ನಮ್ಮದು ನಾಲ್ಕು ದೀಪಕ್ಕೇ ಸುಸ್ತಾಗುತ್ತದೆ. ಒಲೆ ಕೀಳಿಸಿ ಬಚ್ಚಲಿಗೆ ಟೈಲ್ಸ್ ಹಾಕಿಸೋಣ ಅಂದಿದ್ದ ಮಗನ ಮಾತು ಕೇಳದೆ ಇದ್ದದ್ದು ಒಳ್ಳೆಯದಾಯಿತು.

2025ರ ಏಪ್ರಿಲ್‌ನಲ್ಲಿ ಸಿಡಿಲು ಬಡಿಯಿತು. ಮನೆಗಲ್ಲ, ಎಲ್ಲೋ ತೋಟದಾಚೆ. ಅಷ್ಟಕ್ಕೇ ಹೀಟ್ ಪಂಪಿನ ಬೋರ್ಡ್ ಸತ್ತಿತು. ಸರ್ವಿಸ್ ನಂಬರಿಗೆ ಫೋನ್ ಮಾಡಿದರೆ ಹಿಂದಿಯಲ್ಲಿ ಒಬ್ಬಳು ಮಾತಾಡಿದಳು, ಪಿನ್‌ಕೋಡ್ ಕೇಳಿದಳು, 48 ಗಂಟೆ ಅಂದಳು. ಹುಡುಗ ಬಂದದ್ದು ಏಳನೆಯ ದಿನ. ಬಂದು ಬೋರ್ಡ್ ಹೋಗಿದೆ ಅಂದ. ಅದು ನನಗೂ ಗೊತ್ತಿತ್ತು. ಹೊಸ ಬೋರ್ಡ್ ಬರಲು ಇನ್ನೂ ನಾಲ್ಕು ದಿನ. ಸಿಡಿಲು ವಾರಂಟಿಯಲ್ಲಿ ಬರುವುದಿಲ್ಲ ಅಂತ 9,500 ತೆಗೆದುಕೊಂಡರು. ಐದು ವರ್ಷದ ವಾರಂಟಿ ಅಂತ ದೊಡ್ಡದಾಗಿ ಬರೆದದ್ದು ಟ್ಯಾಂಕಿಗೆ ಮಾತ್ರವಂತೆ. ಚೀಟಿ ಹಿಂದೆ ಸಣ್ಣ ಅಕ್ಷರದಲ್ಲಿದೆ. ಈಗ ಇದ್ದಿಲು, ಉಪ್ಪು ಹಾಕಿ ಅರ್ಥಿಂಗ್ ಹೊಸದಾಗಿ ಮಾಡಿಸಿದ್ದೇವೆ. ಸಿಡಿಲು ತಡೆಯುವ ಡಬ್ಬಿಯೊಂದನ್ನು ಲೋಕಲ್ ಎಲೆಕ್ಟ್ರಿಶಿಯನ್ ಹಾಕಿದ. ಗುಡುಗು ಶುರುವಾದರೆ ಮೇನ್ ತೆಗೆಯುವುದು ಅದಕ್ಕಿಂತ ಖಾತ್ರಿ.

ಇನ್ನೊಂದು ವಿಷಯ, ಮಲೆನಾಡಿನವರು ಗಮನಿಸಿ. ಟ್ಯಾಂಕಿನ ಒಳಗೆ ಮೆಗ್ನೀಸಿಯಮ್‌ನ ಒಂದು ರಾಡ್ ಇರುತ್ತದೆ. ತುಕ್ಕು ಮೊದಲು ಅದನ್ನು ತಿನ್ನಲಿ, ಟ್ಯಾಂಕ್ ಉಳಿಯಲಿ ಅಂತ. ಬಯಲುಸೀಮೆಯ ಬೋರ್‌ವೆಲ್ ನೀರಿನಲ್ಲಿ ಸುಣ್ಣ ಕಟ್ಟುವುದು ತೊಂದರೆ. ನಮ್ಮ ಗುಡ್ಡದ ಒರತೆ ನೀರಿನಲ್ಲಿ ಸುಣ್ಣ ಇಲ್ಲ, ಆದರೆ ಅದು ಸ್ವಲ್ಪ ಹುಳಿಯ ಕಡೆಗಿರುವ ನೀರು, ಲೋಹ ತಿನ್ನುತ್ತದೆ. ಮೂರು ವರ್ಷ ಬಾಳುತ್ತದೆ ಅಂದಿದ್ದ ರಾಡ್ ಹದಿನೈದು ತಿಂಗಳಿಗೆ ತೆಗೆದು ನೋಡಿದರೆ ಸವೆದ ಪೊರಕೆ ಕಡ್ಡಿ. ಯಾರೂ ಹೇಳದೇ ಇದ್ದರೂ ನೀವೇ ಕೇಳಿ ತೆಗೆಸಿ ನೋಡಿ.

ಸದ್ದು ಹಳೆ ಫ್ರಿಜ್ಜಿನ ಜೊತೆ ಟೇಬಲ್ ಫ್ಯಾನ್ ಓಡಿದ ಹಾಗೆ. ಮಲಗುವ ಕೋಣೆಯ ಗೋಡೆಗೆ ಇಡಬಾರದು, ಅಷ್ಟೇ.

ದುಡ್ಡಿನ ಲೆಕ್ಕಕ್ಕೆ ಬರೋಣ. ಆರು ಜನರ ಮನೆಯಲ್ಲಿ ಗೀಸರ್ ಬಿಟ್ಟು ಹೀಟ್ ಪಂಪ್‌ಗೆ ಬಂದರೆ ದಿನಕ್ಕೆ ಐದು ಯುನಿಟ್ ಹತ್ತಿರ ಉಳಿಯುತ್ತದೆ. ಯುನಿಟ್ಟಿಗೆ ಆರು ರೂಪಾಯಿ ಹಿಡಿದರೆ ವರ್ಷಕ್ಕೆ ಹನ್ನೊಂದು ಸಾವಿರ. ಹಾಕಿದ ದುಡ್ಡು ಬರಲು ಹತ್ತು ಹನ್ನೆರಡು ವರ್ಷ ಬೇಕು, ಅದೂ ಸಿಡಿಲು ದಯೆ ತೋರಿದರೆ. ವರ್ಷಪೂರ್ತಿ ಬಿಸಿಲಿರುವ ಚಿತ್ರದುರ್ಗದಲ್ಲೋ ರಾಯಚೂರಿನಲ್ಲೋ ಇರುವವರು ಇದರ ಗೊಡವೆಗೆ ಹೋಗಬೇಕಾಗಿಲ್ಲ. ಇದರ ಮೂರನೇ ಒಂದು ಭಾಗದ ದುಡ್ಡಿಗೆ ಸೋಲಾರ್ ಹೀಟರ್ ಬರುತ್ತದೆ, ಬಿಸಿಲಿಗೆ ಬಿಲ್ ಇಲ್ಲ. ಬೆಂಗಳೂರಿನಲ್ಲಿ ಫ್ಲಾಟಿನಲ್ಲಿರುವ ಮಗಳು, ಅಳಿಯ ಇಬ್ಬರೇ. "ನಾವೂ ತಗೊಳ್ಳೋಣ್ವಾ ಅಮ್ಮ" ಅಂದಳು. ಇಬ್ಬರಿಗೆ ದಿನಕ್ಕೆ ಅರವತ್ತು ಲೀಟರ್ ಸಾಕು, ಗೀಸರ್ ಹತ್ತು ನಿಮಿಷ ಮೊದಲು ಹಾಕು, ಸ್ನಾನ ಆದ ಕೂಡಲೇ ಆರಿಸು ಅಂದೆ. ಅದೇ ಹಾಸ್ಟೆಲ್, ಲಾಡ್ಜ್, ಕಲ್ಯಾಣ ಮಂಟಪದವರು ಕೇಳಿದರೆ ಕಣ್ಣು ಮುಚ್ಚಿ ಹಾಕಿಸಿ ಅನ್ನುತ್ತೇನೆ. ದಿನಾ ಸಾವಿರಾರು ಲೀಟರ್ ಕಾಯಿಸುವಲ್ಲಿ ದುಡ್ಡು ಬೇಗ ಹಿಂದೆ ಬರುತ್ತದೆ.

ನಮ್ಮ ಮನೆಗೆ? ಪುಕ್ಕಟೆ ಅಡಿಕೆ ಸಿಪ್ಪೆಯ ಎದುರು ಇದು ಯಾವತ್ತೂ ಗೆಲ್ಲುವುದಿಲ್ಲ. ಪಕ್ಕದ ಮನೆಯವರು ನೋಡಲು ಬಂದಿದ್ದರು. "ನೀರು ಕಾಯಿಸ್ಲಿಕ್ಕೆ ಲಕ್ಷ ರೂಪಾಯಿಯಾ ಮಾರಾಯ್ತಿ" ಅಂದರು ಅವರ ಮನೆ ಹೆಗಡೆರು. ಅವರ ಹೆಂಡತಿ ಏನೂ ಹೇಳಲಿಲ್ಲ. ನಲ್ಲಿ ತಿರುಗಿಸಿ ನೀರಿನಲ್ಲಿ ಕೈ ಇಟ್ಟುಕೊಂಡು ಸುಮಾರು ಹೊತ್ತು ನಿಂತಿದ್ದರು. ಪುಕ್ಕಟೆ ಅಂತ ಲೆಕ್ಕ ಹಾಕುವಾಗ ಐದು ಗಂಟೆಗೆ ಎದ್ದವರ ಕೂಲಿ ಯಾರೂ ಸೇರಿಸುವುದಿಲ್ಲ. ನಾನು ಸೇರಿಸಿ ನೋಡಿದೆ. ದಿನಕ್ಕೆ ಒಂದೂವರೆ ಗಂಟೆ, ಮೂವತ್ತೊಂದು ವರ್ಷ, ಸೋಲಾರ್ ನೀರು ಕೊಟ್ಟ ತಿಂಗಳು ಕಳೆದು. ಆ ಲೆಕ್ಕದಲ್ಲಿ ಯಂತ್ರದ ಸಾಲ ಯಾವಾಗಲೋ ತೀರಿದೆ.

ಹಸಿರು ಯಂತ್ರ ಅಂತ ಎದೆಯ ಮೇಲೆ ಎಲೆಯ ಸ್ಟಿಕ್ಕರ್ ಅಂಟಿಸಿದ್ದಾರೆ. ಸ್ವಲ್ಪ ತಾಳಿ. ಒಳಗಿರುವುದು ಆರ್-134ಎ ಗ್ಯಾಸ್, ಒಂದು ಕಿಲೋ ಹತ್ತಿರ. ಅದು ಸೋರಿದರೆ ಇಂಗಾಲದ ಡೈಆಕ್ಸೈಡಿಗಿಂತ ಸಾವಿರದ ನಾಲ್ಕುನೂರು ಪಟ್ಟು ಭೂಮಿಯನ್ನು ಬಿಸಿ ಮಾಡುತ್ತದೆ. ಆರ್-290, ಅಂದರೆ ಪ್ರೊಪೇನ್ ಇರುವ ಯಂತ್ರಗಳಲ್ಲಿ ಈ ತೊಂದರೆ ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ಬೆಂಕಿ ಹತ್ತುವ ಗ್ಯಾಸ್ ಆದ್ದರಿಂದ ಗಾಳಿಯಾಡುವ ಕಡೆ ಇಡಬೇಕು. ಈಗ ಕೊಳ್ಳುವುದಾದರೆ ನಾನು ಅದನ್ನೇ ಕೇಳುತ್ತಿದ್ದೆ.

ಇಷ್ಟು ಹೇಳಿದ ಮೇಲೆ, ನಮ್ಮ ಮನೆಯ ನಿಜವಾದ ಹಸಿರು ಯಂತ್ರ ಯಾವುದು ಅಂದರೆ ಕೊಟ್ಟಿಗೆಯ ಹಿಂದಿನ ಗೋಬರ್ ಗ್ಯಾಸ್. ಇಪ್ಪತ್ತನಾಲ್ಕು ವರ್ಷವಾಯಿತು. ಅದಕ್ಕೆ ಬೋರ್ಡ್ ಇಲ್ಲ, ಪಿನ್‌ಕೋಡ್ ಬೇಕಾಗಿಲ್ಲ. ದಿನಾ ಸಗಣಿ ಕದಡಿ ಹಾಕಿದರೆ ಅಡುಗೆ ಆಗುತ್ತದೆ, ಸ್ಲರಿ ತೋಟಕ್ಕೆ ಹೋಗುತ್ತದೆ. ಕದಡುವುದೂ ನಾನೇ, ಆ ಮಾತು ಬೇರೆ. ಮಾಡಿನ ಮೇಲಿನ ಸೋಲಾರ್ ಪ್ಯಾನಲ್ ಬಗ್ಗೆ ತುಂಬ ಜನ ಕೇಳುತ್ತಾರೆ. ಶಿವಮೊಗ್ಗದಲ್ಲಿ ಭಾವನ ಮನೆಗೆ ಸೂರ್ಯಘರ್ ಯೋಜನೆಯಲ್ಲಿ 3 ಕಿಲೋವ್ಯಾಟಿನದು ಹಾಕಿಸಿದ್ದಾರೆ, 78,000 ಸಬ್ಸಿಡಿ ಬಂತು. ಅವರಿಗೆ ಒಳ್ಳೆಯದೇ ಆಗಿದೆ. ನಮ್ಮ ಮಾಡಿನ ಮೇಲೆ ಅರ್ಧ ದಿನ ತೆಂಗಿನ ನೆರಳು, ನಾಲ್ಕು ತಿಂಗಳು ಮೋಡ. ಇನ್ನೊಂದು ಗೊತ್ತಿರಲಿ: ಬ್ಯಾಟರಿ ಇಲ್ಲದೆ ಲೈನಿಗೆ ಸೇರಿಸಿದ ಸೋಲಾರ್, ಕರೆಂಟ್ ಹೋದ ಕೂಡಲೇ ತಾನೂ ನಿಲ್ಲುತ್ತದೆ. ಕಂಬ ಹತ್ತಿದ ಲೈನ್‌ಮನ್‌ಗೆ ಶಾಕ್ ಹೊಡೆಯಬಾರದಲ್ಲ, ಅದಕ್ಕೆ. ಕರೆಂಟ್ ಹೋಗುವ ಊರಿನಲ್ಲಿ ಸೋಲಾರ್ ಇದ್ದರೆ ದೀಪ ಇರುತ್ತದೆ ಅಂದುಕೊಂಡು ಹಾಕಿಸಿದವರು ಮೊದಲ ಮಳೆಗೇ ಬೆಪ್ಪಾಗುತ್ತಾರೆ.

ಇನ್ನು ಅತ್ತೆಯ ವಿಷಯ. ಅವರಿಗೆ ಎಂಬತ್ತನಾಲ್ಕು. ಯಂತ್ರದ ನೀರಿಗೆ ಕಾವು ಇಲ್ಲ, ಮೈಗೆ ಹಾಕಿದ ಕೂಡಲೇ ಆರುತ್ತದೆ ಅಂತ ಅವರ ದೂರು. ಥರ್ಮಾಮೀಟರ್ ತೋರಿಸಿದೆ. ಅದು ಜ್ವರ ನೋಡುವುದಕ್ಕೆ ಅಂದರು. ದೀಪಾವಳಿಯ ನೀರು ತುಂಬುವ ಹಬ್ಬಕ್ಕೆ ಹಂಡೆಯನ್ನು ಹುಣಸೆಹಣ್ಣು ಹಾಕಿ ತಿಕ್ಕಿ, ಕೊರಳಿಗೆ ಹಿಂಡಲಿಕಾಯಿ ಬಳ್ಳಿ ಸುತ್ತಿ, ನೀರು ತುಂಬಿ ಪೂಜೆ ಮಾಡಿದ್ದು ಎಂದಿನ ಹಾಗೆ ಅವರೇ. ಮಿಕ್ಕ ಬಳ್ಳಿಯನ್ನು ಮಗ ತಮಾಷೆಗೆ ಹೀಟ್ ಪಂಪಿಗೆ ಸುತ್ತಲು ಹೋದ. ಫ್ಯಾನಿಗೆ ಸಿಕ್ಕಿದರೆ ಮತ್ತೆ ಹನ್ನೊಂದು ದಿನ ಕಾಯಬೇಕು ಅಂತ ನಾನು ಕಿತ್ತು ಹಾಕಿದೆ.

ಈಗ ಬಚ್ಚಲೊಲೆ ಉರಿಯುವುದು ವಾರಕ್ಕೊಮ್ಮೆ, ಶನಿವಾರ, ಅತ್ತೆಯ ಎಣ್ಣೆ ಸ್ನಾನಕ್ಕೆ. ಅವತ್ತು ಬೆಂಕಿ ಹಾಕುವುದು ಯಜಮಾನರು. ಹೊಗೆ ಸ್ವಲ್ಪ ಜಾಸ್ತಿಯೇ ಮಾಡುತ್ತಾರೆ.